ಕಡಲು ದಾಟಿ ಬಂದ ಮಂಜುಗಡ್ಡೆ

1833ರ ಸೆಪ್ಟೆಂಬರ್‌ನಲ್ಲಿ 'ಟಸ್ಕನಿ' ಎಂಬ ಹಡಗು ಕಲ್ಕತ್ತೆಗೆ ಬಂದಿತು. ಅದು ಹೊತ್ತು ತಂದದ್ದು ಅಮೆರಿಕದ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರನ್ನು. ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಮೇ ತಿಂಗಳಲ್ಲಿ ಕಳುಹಿಸಿದ್ದು ಸುಮಾರು 180 ಟನ್. ನಾಲ್ಕು ತಿಂಗಳ ಪಯಣದಲ್ಲಿ ಹಡಗು ಎರಡು ಬಾರಿ ಭೂಮಧ್ಯರೇಖೆಯನ್ನು ದಾಟಿತ್ತು. ಆದರೂ ಸುಮಾರು 100 ಟನ್ ಗಡ್ಡೆಯಾಗಿಯೇ ಉಳಿದಿತ್ತು!

ಇದು ಸಾಧ್ಯವಾದದ್ದು ಹೇಗೆ? ಕಾರಣವನ್ನು ಸ್ಕಾಟ್ಲೆಂಡಿನ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ 1760ರ ದಶಕದ ಆರಂಭದಲ್ಲೇ ಕಂಡುಕೊಂಡಿದ್ದ. ಕರಗುತ್ತಿರುವ ಮಂಜುಗಡ್ಡೆ ಶಾಖವನ್ನು ಹೀರುತ್ತಲೇ ಇರುತ್ತದೆ. ಆದರೆ ಪೂರ್ತಿ ಕರಗುವ ತನಕ ಅದರ ಉಷ್ಣತೆ ಏರುವುದಿಲ್ಲ. ಹೀಗೆ ಅಡಗುವ ಶಾಖವೇ ಗುಪ್ತೋಷ್ಣ. ಸೊನ್ನೆ ಡಿಗ್ರಿಯಲ್ಲಿರುವ ಒಂದು ಗ್ರಾಂ ಮಂಜುಗಡ್ಡೆ ನೀರಾಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅಷ್ಟೇ ಶಾಖ ಆ ನೀರನ್ನು 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬಲ್ಲದು. ಗಡ್ಡೆಗಳನ್ನು ಒತ್ತೊತ್ತಾಗಿ ಜೋಡಿಸಿ, ಹುಲ್ಲು, ಮರದ ಹೊಟ್ಟು ಮುಚ್ಚಿ, ಈ ಶಾಖ ಬೇಗನೆ ಒಳಸೇರದಂತೆ ತಡೆಯುವುದರಲ್ಲೇ ವ್ಯಾಪಾರದ ಲಾಭ ನಷ್ಟ ನಿಂತಿತ್ತು.

ಮದರಾಸಿನ ಕಡಲತೀರದಲ್ಲೂ 1842ರಲ್ಲಿ ಇದಕ್ಕಾಗಿ ಒಂದು ಉಗ್ರಾಣ ಎದ್ದಿತು. ಮುಂದೆ ಮಂಜುಗಡ್ಡೆ ತಯಾರಿಸುವ ಯಂತ್ರಗಳು ಇಲ್ಲಿಗೇ ಬಂದವು. ಹಡಗಿನ ವ್ಯಾಪಾರ ಕರಗಿಹೋಯಿತು. ಕಟ್ಟಡ ಕೈ ಬದಲಾಯಿಸಿ ಮನೆಯಾಯಿತು. 1897ರಲ್ಲಿ ಪಶ್ಚಿಮ ದೇಶಗಳಿಂದ ಮರಳಿದ ಸ್ವಾಮಿ ವಿವೇಕಾನಂದರು ತಂಗಿದ್ದು ಅಲ್ಲಿಯೇ. ಇಂದು ಅವರ ಸ್ಮಾರಕವಾಗಿರುವ ಆ ಕಟ್ಟಡವನ್ನು ಚೆನ್ನೈನ ಜನ ಈಗಲೂ 'ಐಸ್ ಹೌಸ್' ಎಂದೇ ಗುರುತಿಸುತ್ತಾರೆ.