ವಿಮಾನಪುರ ಕಟ್ಟಿದ ಕಾಲ

1940ನೆಯ ಇಸವಿ. ಯುರೋಪಿನಲ್ಲಿ ಫ್ರಾನ್ಸ್ ಶರಣಾಗಿತ್ತು, ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದವು. ಮೈಸೂರಿನಲ್ಲಿ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಕಾಲವಾದರು. ಜಯಚಾಮರಾಜ ಒಡೆಯರು ಎಳೆಯ ಪ್ರಾಯದಲ್ಲಿ ಸಿಂಹಾಸನವೇರಿದರು. ಶೋಕವೂ ಆತಂಕವೂ ಕವಿದಿದ್ದ ಆ ವರ್ಷದ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಆಕಾಶದಲ್ಲಿ ವಿಮಾನದ ಸದ್ದು ಕೇಳಿದರೆ ಜನ ಮನೆಯಿಂದ ಹೊರಗೋಡಿ ಬರುತ್ತಿದ್ದ ಕಾಲ ಅದು. ಆ ನಾಡು ವಿಮಾನ ಕಟ್ಟಲು ಕೈ ಹಾಕಿತು.

ಈ ಸಾಹಸದ ಮೂಲಪುರುಷರು ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲ್‌ಚಂದ್ ಹೀರಾಚಂದ್. 1939ರಲ್ಲಿ ಮೋಟಾರು ಕಾರಿನ ಕಾರ್ಖಾನೆಯ ಮಾತುಕತೆಗೆಂದು ಅಮೆರಿಕಕ್ಕೆ ಹೋಗಿ ಮರಳುವಾಗ, ಪ್ರಯಾಣದಲ್ಲಿ ಅವರಿಗೆ ವಿಲಿಯಂ ಪಾಲಿ ಎಂಬವರ ಪರಿಚಯವಾಯಿತು. ಪಾಲಿ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸಿದ್ದ ಅಮೆರಿಕನ್ನರು. ಚೀನಾದಲ್ಲಿ ಆಗುವುದು ಭಾರತದಲ್ಲಿ ಏಕೆ ಆಗಬಾರದು ಎಂಬ ಪ್ರಶ್ನೆ ವಾಲ್‌ಚಂದರ ಮನಸ್ಸಿನಲ್ಲಿ ನಾಟಿತು. ಅವರ ಯೋಜನೆಗೆ ನೆಲ ಕೊಟ್ಟದ್ದು ಮೈಸೂರು ಸಂಸ್ಥಾನ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಬೆಂಗಳೂರಿನ ಪೂರ್ವಕ್ಕೆ, ಯಮಲೂರು, ವಿಭೂತಿಪುರಗಳ ನೆರೆಯಲ್ಲಿ, 700 ಎಕರೆ ಭೂಮಿಯನ್ನು ಉಚಿತವಾಗಿ ಒದಗಿಸಿದರು. ಸಂಸ್ಥಾನದ ಬೊಕ್ಕಸದಿಂದ ಬಂಡವಾಳವನ್ನೂ ಹಾಕಿದರು. ಕಂಪನಿಯ ಅಧಿಕೃತ ಬಂಡವಾಳ 4 ಕೋಟಿ ರೂಪಾಯಿ. ಕೈಗೆ ಬಂದದ್ದು 40 ಲಕ್ಷ.

ಬೆಂಗಳೂರನ್ನೇ ಆರಿಸಿದ್ದು ಆಕಸ್ಮಿಕವಲ್ಲ. ಶಿವನಸಮುದ್ರದ ವಿದ್ಯುತ್ತು 1905ರಲ್ಲೇ ಈ ಊರಿನ ದೀಪ ಬೆಳಗಿಸಿತ್ತು. ಭದ್ರಾವತಿಯಲ್ಲಿ ಉಕ್ಕು ಕಾಯುತ್ತಿತ್ತು. ಟಾಟಾ ವಿಜ್ಞಾನ ಮಂದಿರ ಆಗಲೇ ಮೂರು ದಶಕ ಕಂಡಿತ್ತು; 1942ರಲ್ಲಿ ಅಲ್ಲಿ ವಿಮಾನ ವಿಜ್ಞಾನದ ವಿಭಾಗವೂ ತೆರೆಯಿತು. ವಿಶ್ವೇಶ್ವರಯ್ಯನವರ ಕಾಲದಿಂದ ಸಂಸ್ಥಾನ ಬಿತ್ತಿದ್ದು ಇಲ್ಲಿ ಫಲ ಕೊಟ್ಟಿತು.

1941ರ ಮಾರ್ಚಿನಲ್ಲಿ ಭಾರತ ಸರ್ಕಾರವೂ ಪಾಲುದಾರನಾಯಿತು. ಅದೇ ವರ್ಷ ಅಮೆರಿಕದಿಂದ ಬಂದ ಬಿಡಿಭಾಗಗಳನ್ನು ಜೋಡಿಸಿ ಹಾರ್ಲೋ ಎಂಬ ತರಬೇತಿ ವಿಮಾನವನ್ನು ಹಾರಿಸಿದರು. ಮರುವರ್ಷ ಕರ್ಟಿಸ್ ಹಾಕ್ ಯುದ್ಧವಿಮಾನ ಏರಿತು. ಅಷ್ಟರಲ್ಲಿ ಯುದ್ಧ ಬಾಗಿಲಿಗೆ ಬಂದಿತ್ತು. 1942ರ ಏಪ್ರಿಲಿನಲ್ಲಿ ಜಪಾನೀಯರು ಕೊಲಂಬೊ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದರು. ಸರ್ಕಾರ ಕಾರ್ಖಾನೆಯ ಆಡಳಿತವನ್ನು ತಾನೇ ವಹಿಸಿಕೊಂಡಿತು. 1943ರಲ್ಲಿ ಅದನ್ನು ಅಮೆರಿಕದ ವಾಯುಸೇನೆಗೆ ಒಪ್ಪಿಸಿತು. ಹೊಸ ವಿಮಾನ ಕಟ್ಟುವ ಕೆಲಸ ನಿಂತು, ಹಾನಿಗೊಂಡ ವಿಮಾನಗಳ ರಿಪೇರಿ ಮೊದಲಾಯಿತು. ಕ್ಯಾಟಲಿನಾ ಎಂಬ ಭಾರೀ ನೀರುವಿಮಾನಗಳು ಬೆಳ್ಳಂದೂರು ಕೆರೆಯ ಮೇಲೆ ಇಳಿದು ಕಾರ್ಖಾನೆಗೆ ಸೇರುತ್ತಿದ್ದವು.

ಹಿನ್ನಡೆಯಂತೆ ಕಂಡ ಆ ಎರಡು ವರ್ಷಗಳೇ ನಮ್ಮ ಕೆಲಸಗಾರರಿಗೆ ಗುರುಕುಲವಾದವು. ವಿಮಾನದ ಮೈ ಎಂದರೆ ಚೌಕಟ್ಟಿನ ಮೇಲೆ ಹೊದಿಸಿದ ತೆಳು ಅಲ್ಯೂಮಿನಿಯಂ ತಗಡು. ಅದನ್ನು ಹಿಡಿದಿಡುವುದು ಸಾವಿರಾರು ರಿವೆಟ್ಟುಗಳು. ಒಬ್ಬ ಹೊರಗಿನಿಂದ ಬಡಿಯಬೇಕು, ಇನ್ನೊಬ್ಬ ಒಳಗಿನಿಂದ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ಒಂದು ಸಡಿಲಾದರೂ ಹಾರುವವನ ಜೀವಕ್ಕೆ ಅಪಾಯ. ಇನ್ನೊಬ್ಬರು ಕಟ್ಟಿದ್ದನ್ನು ಬಿಚ್ಚಿ, ಮುರಿದದ್ದನ್ನು ತಿದ್ದಿ, ಮತ್ತೆ ಕೂಡಿಸುವುದರಲ್ಲಿ ಫಿಟ್ಟರುಗಳ ಕೈ ಪಳಗಿತು.

ಕೈ ಪಳಗಿದ ಮೇಲೆ ಬುದ್ಧಿಯ ಸರದಿ. ಕೊಲ್ಹಾಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಜರ್ಮನಿಯ ಗಟಿಂಗೆನ್ನಿನಲ್ಲಿ ಲುಡ್ವಿಗ್ ಪ್ರಾಂಟಲ್ ಅವರ ಶಿಷ್ಯರಾಗಿ ಡಾಕ್ಟರೇಟ್ ಪಡೆದ ವಿಷ್ಣು ಮಾಧವ ಘಾಟಗೆ ಇಲ್ಲಿ ವಿನ್ಯಾಸದ ಹೊಣೆ ಹೊತ್ತರು. ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಬೆಂಗಳೂರಿನ ಆಕಾಶಕ್ಕೆ ಏರಿತು. ನಕ್ಷೆ ನಮ್ಮದು, ಕಟ್ಟಿದ ಕೈ ನಮ್ಮದು. ಮುಂದೆ ಆಫ್ರಿಕಾದ ಘಾನಾ ದೇಶವೂ ಈ ವಿಮಾನಗಳನ್ನು ಕೊಂಡಿತು. ಪುಷ್ಪಕ, ಕೃಷಕ, ಕಿರಣ ಅದೇ ಪರಂಪರೆಯಲ್ಲಿ ಬಂದವು.

1956ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಸಂಗೊಳ್ಳಿ, ಬೈಲಹೊಂಗಲ, ಕಿತ್ತೂರುಗಳ ಸೀಮೆ ಮುಂಬಯಿ ರಾಜ್ಯದಿಂದ ಬಂದು ಕನ್ನಡ ನಾಡಿಗೆ ಸೇರಿತು. ಅದೇ ವರ್ಷ ಬೆಂಗಳೂರಿನ ಕಾರ್ಖಾನೆಗೆ ಎರಡು ದೊಡ್ಡ ಕೆಲಸಗಳು ಬಂದವು. ಒಂದು, ನ್ಯಾಟ್ ಯುದ್ಧವಿಮಾನವನ್ನು ಕಟ್ಟುವ ಪರವಾನಗಿ. ಅದರ ತವರು ದಕ್ಷಿಣ ಇಂಗ್ಲೆಂಡಿನ ನದಿದಂಡೆಯ ಹ್ಯಾಂಬಲ್ ಎಂಬ ಹಳ್ಳಿ. ಆವ್ರೋ, ಫೇರಿ, ಫಾಲಂಡ್ ಕಂಪನಿಗಳು ಒಂದರ ಹಿಂದೆ ಒಂದು ಅಲ್ಲಿ ನೆಲೆಸಿ, ದೋಣಿ ಕಟ್ಟುವವರ ಊರನ್ನು ವಿಮಾನದ ಊರಾಗಿಸಿದ್ದವು. ಫಾಲಂಡ್ ಕಂಪನಿಯ ಆ ಪುಟ್ಟ ವಿಮಾನ ಹೆಸರು ಗಳಿಸಿದ್ದು ಬಹುಮಟ್ಟಿಗೆ ಭಾರತದ ವಾಯುಪಡೆಯ ಕೈಯಲ್ಲಿ, 1965 ಮತ್ತು 1971ರ ಯುದ್ಧಗಳಲ್ಲಿ.

ಇನ್ನೊಂದು, ಜರ್ಮನಿಯ ಹೆಸರಾಂತ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ನಮ್ಮ ಎಂಜಿನಿಯರುಗಳೊಡನೆ ಆರಂಭಿಸಿದ ಮಾರುತ್ ಯುದ್ಧವಿಮಾನ. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅದನ್ನು ಮೊದಲ ಬಾರಿ ಹಾರಿಸಿದರು. ಮೈಕಟ್ಟು ಸೊಗಸಾಗಿತ್ತು, ಆದರೆ ಅದಕ್ಕೆ ತಕ್ಕ ಎಂಜಿನ್ ಸಿಗಲಿಲ್ಲ. ನೆಚ್ಚಿಕೊಂಡಿದ್ದ ಬ್ರಿಟಿಷ್ ಎಂಜಿನ್ನಿನ ಕೆಲಸ ಅರ್ಧಕ್ಕೆ ನಿಂತಿತು; ಅದನ್ನು ಮುಂದುವರಿಸುವ ವೆಚ್ಚ ಹೊರಲು ನಮ್ಮ ಸರ್ಕಾರವೂ ಒಪ್ಪಲಿಲ್ಲ. ನ್ಯಾಟಿಗೆ ಬಳಸುತ್ತಿದ್ದ ಆರ್ಫಿಯಸ್ ಎಂಜಿನ್ನುಗಳೆರಡನ್ನು ಅಳವಡಿಸಿ ತೃಪ್ತಿಪಡಬೇಕಾಯಿತು. ಹಾಗಾಗಿ ಮಾರುತ್ ಎಣಿಸಿದ ವೇಗ ಮುಟ್ಟಲೇ ಇಲ್ಲ. ಒಟ್ಟು 147 ತಯಾರಾದವು. 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ಧೈರ್ಯದಿಂದ ಕಾದಿದವು. 1970ರ ಜನವರಿಯಲ್ಲಿ ಮಾರುತ್ ಹಾರಾಟದಲ್ಲೇ ಸುರಂಜನ್ ದಾಸ್ ಪ್ರಾಣ ತೆತ್ತರು. ಬೆಂಗಳೂರಿನ ರಸ್ತೆಯೊಂದು ಅವರ ಹೆಸರು ಹೊತ್ತಿದೆ.

1964ರ ಅಕ್ಟೋಬರ್ 1ರಂದು ಕಂಪನಿ ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ಕಾರ್ಖಾನೆಯ ಸುತ್ತ ಬೆಳೆದ ಊರು ವಿಮಾನಪುರ. ಅದರ ಚರಿತ್ರೆ ನಾಲ್ಕು ಮೆಟ್ಟಿಲುಗಳ ಚರಿತ್ರೆ: ಜೋಡಣೆ, ರಿಪೇರಿ, ತಯಾರಿಕೆ, ವಿನ್ಯಾಸ. ಮೊದಲ ಮೂರನ್ನು ಹಣ ಕೊಟ್ಟು ಕಲಿಯಬಹುದು. ನಾಲ್ಕನೆಯದನ್ನು ತಾವೇ ದುಡಿದು ಗಳಿಸಬೇಕು. ಮಾರುತ್ ಕಲಿಸಿದ ಪಾಠವೂ ಇದೇ.

ಈಗ ನಮ್ಮ ಜಿಲ್ಲೆಯ ಸರದಿ ಬಂದಿದೆ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ, ಹೆದ್ದಾರಿಯ ಪಕ್ಕ ಸುಮಾರು 250 ಎಕರೆಯಲ್ಲಿ, ಜಗತ್ತಿನ ದೊಡ್ಡ ವಿಮಾನಗಳ ಬಿಡಿಭಾಗಗಳು ತಯಾರಾಗುತ್ತಿವೆ. ನಮ್ಮ ಹಳ್ಳಿಗಳ ಮಕ್ಕಳು ಅಲ್ಲಿ ಲೇತ್ ಮುಂದೆ ನಿಂತರೆ ಹೆಮ್ಮೆಯೇ ಸರಿ. ಆದರೆ ಅಷ್ಟಕ್ಕೇ ನಿಲ್ಲಬಾರದು. ಸಂಗೊಳ್ಳಿ ರಾಯಣ್ಣನ ನೆಲದ ಹಿರಿಯರೇ, ಶಿಕ್ಷಕರೇ, ಮಲಪ್ರಭೆಯ ದಂಡೆಯ ಶಾಲೆಗಳಲ್ಲಿ ಗಣಿತ ಚೆನ್ನಾಗಿ ಕಲಿಯುವ ಹುಡುಗ ಹುಡುಗಿಯರನ್ನು ಗುರುತಿಸಿ, ಓದಿಸಿ. ಹಳ್ಳಿಯಲ್ಲಿ ಹುಟ್ಟಿದ ಘಾಟಗೆಯವರು ಏರಿದ ನಾಲ್ಕನೆಯ ಮೆಟ್ಟಿಲನ್ನು ಅವರೂ ಏರಲಿ.