ಹೇಲನ ಎಚ್ಚರಿಕೆಯೂ ಜ್ಯೂರಿಯ ನಿರ್ಣಯವೂ

ಆಂಗ್ಲ ನ್ಯಾಯಪದ್ಧತಿಯಲ್ಲಿ ಧರ್ಮಶಾಸನದ ಅರ್ಥವನ್ನು ವಿವರಿಸುವುದು ನ್ಯಾಯಾಧೀಶನ ಕರ್ತವ್ಯ. ನಡೆದ ಸಂಗತಿಯ ಸತ್ಯಾಸತ್ಯವನ್ನು ನಿರ್ಣಯಿಸುವುದು ಜ್ಯೂರಿಯ ಕರ್ತವ್ಯ. ಬಲಾತ್ಕಾರದ ಅಭಿಯೋಗಗಳಲ್ಲಿ ಮಾತ್ರ ಈ ಎಲ್ಲೆಯು ಒಬ್ಬ ಗ್ರಂಥಕಾರನ ಅಭಿಪ್ರಾಯದಿಂದ ಬಹುಕಾಲ ಮಸುಕಾಗಿದ್ದಿತು.

೧೬೭೧ರಿಂದ ೧೬೭೬ರ ವರೆಗೆ ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶನಾಗಿದ್ದ ಸರ್ ಮ್ಯಾಥ್ಯೂ ಹೇಲನ ಗ್ರಂಥವು ಅವನ ಮರಣಾನಂತರ, ೧೭೩೬ರಲ್ಲಿ, ಅಚ್ಚಾಯಿತು. ಈ ಆರೋಪವನ್ನು ಅನಾಯಾಸವಾಗಿ ಹೊರಿಸಬಹುದು, ನಿರಪರಾಧಿಗೂ ಅದರಿಂದ ಪಾರಾಗುವುದು ದುಸ್ತರ, ಆದುದರಿಂದ ಜಾಗರೂಕತೆ ಬೇಕೆಂಬುದು ಅವನ ತಾತ್ಪರ್ಯ. ಎಳೆಯ ಬಾಲಿಕೆಯ ಮಾತನ್ನು ಪ್ರಮಾಣವಚನವಿಲ್ಲದೆಯೂ ಕೇಳಬಹುದೆಂದು ಬರೆದವನೂ ಅವನೇ. ಆದರೆ ಉತ್ತರಕಾಲದವರು ಎಚ್ಚರಿಕೆಯನ್ನೇ ಆಪ್ತವಾಕ್ಯವೆಂದು ಪರಿಗ್ರಹಿಸಿ ಜ್ಯೂರಿಗೆ ಬೋಧಿಸತೊಡಗಿದರು.

ಆಕೆ ಕೂಗಿಕೊಂಡಳೇ, ಕೂಡಲೆ ದೂರಿತ್ತಳೇ, ಸತ್ಕೀರ್ತಿಯುಳ್ಳವಳೇ ಎಂಬಿವು ಹೇಲನು ಹೇಳಿದ ಪರೀಕ್ಷಾಲಕ್ಷಣಗಳು. ತರ್ಕದೃಷ್ಟಿಯಿಂದ ನೋಡಿದರೆ, ವಿಳಂಬವು ಅಸತ್ಯಕ್ಕೆ ಸದ್ಧೇತುವಲ್ಲ. ಭಯದಿಂದಲೂ ಲಜ್ಜೆಯಿಂದಲೂ ವಿಳಂಬವು ಸಂಭವಿಸುವುದರಿಂದ ಅದು ಸವ್ಯಭಿಚಾರವೇ ಸರಿ.

ಜ್ಯೂರಿಯು ಸ್ತ್ರೀಯ ಮಾತಿಗೆ ಸುಲಭವಾಗಿ ಮರುಳಾಗುವುದೆಂಬುದೇ ಎಚ್ಚರಿಕೆಗೆ ಆಧಾರವಾಗಿದ್ದಿತು. ಅಮೆರಿಕದಲ್ಲಿ ಕ್ಯಾಲ್ವೆನ್ ಮತ್ತು ಝೈಸೆಲ್ ಎಂಬ ವಿದ್ವಾಂಸರು ೧೯೬೬ರಲ್ಲಿ ಪ್ರಕಟಿಸಿದ ಪರಿಶೋಧನೆಯು ಇದಕ್ಕೆ ವಿಪರೀತವನ್ನು ತೋರಿಸಿತು. ಹೆಚ್ಚಿನ ಹಿಂಸೆಯಾಗಲಿ, ಅನೇಕ ಆಕ್ರಮಣಕಾರರಾಗಲಿ ಇಲ್ಲದೆ, ಉಭಯರಿಗೂ ಪೂರ್ವಪರಿಚಯವಿದ್ದ ೪೨ ಅಭಿಯೋಗಗಳಲ್ಲಿ ಜ್ಯೂರಿಯು ಬಲಾತ್ಕಾರವೆಂದು ತೀರ್ಮಾನಿಸಿದುದು ಮೂರರಲ್ಲಿ. ನ್ಯಾಯಾಧೀಶರಾದರೋ ೨೨ರಲ್ಲಿ ಹಾಗೆ ತೀರ್ಮಾನಿಸುತ್ತಿದ್ದರು. ಸ್ತ್ರೀಯು ತಾನೇ ಅಪಾಯವನ್ನು ತಂದುಕೊಂಡಳೇ ಎಂಬುದನ್ನೂ ಜ್ಯೂರಿಯು ತೂಗಿನೋಡುತ್ತಿದ್ದಿತೆಂದು ಅವರ ವಿವರಣೆ. ಅಂದಮೇಲೆ ಎಚ್ಚರಿಕೆಯು ವಾಲಿದ ತಕ್ಕಡಿಯನ್ನು ನೇರಗೊಳಿಸಲಿಲ್ಲ. ವಾಲಿದ ಕಡೆಗೇ ಭಾರವನ್ನು ಹೆಚ್ಚಿಸಿತು.

ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು ೧೯೭೫ರಲ್ಲಿ ಈ ಬೋಧನೆಯನ್ನು ಕೈಬಿಟ್ಟಿತು. ದೂರುಕೊಟ್ಟವಳ ಮಾತಿಗೆ ಅನ್ಯಸಾಕ್ಷ್ಯದ ಬೆಂಬಲವಿಲ್ಲದಿದ್ದರೆ ಜ್ಯೂರಿಯನ್ನು ಎಚ್ಚರಿಸಲೇಬೇಕೆಂಬ ನಿಯಮವನ್ನು ಇಂಗ್ಲೆಂಡು ೧೯೯೪ರ ಶಾಸನದಿಂದ ರದ್ದುಗೊಳಿಸಿತು.

ಭಾರತದ ವೃತ್ತಾಂತವು ಇನ್ನೊಂದು ಪಾಠವನ್ನು ಕೊಡುತ್ತದೆ. ೧೯೭೩ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವುಳಿಯಲಿಲ್ಲ. ಆದರೂ ದೂರುಕೊಟ್ಟವಳು ದುಶ್ಶೀಲೆಯೆಂದು ತೋರಿಸಿ ಅವಳ ಮಾತನ್ನು ಶಂಕಾಸ್ಪದಗೊಳಿಸಲು ಅವಕಾಶವಿತ್ತಿದ್ದ, ೧೮೭೨ರ ಸಾಕ್ಷ್ಯ ಅಧಿನಿಯಮದ ೧೫೫ನೆಯ ಪ್ರಕರಣದ ನಾಲ್ಕನೆಯ ಖಂಡವು ೨೦೦೨ರ ತಿದ್ದುಪಡಿಯ ವರೆಗೆ ಉಳಿದಿದ್ದಿತು. ನಿರ್ಣಾಯಕರು ಬದಲಾದ ಮಾತ್ರಕ್ಕೆ ಪೂರ್ವಗ್ರಹವು ಅಳಿಯುವುದಿಲ್ಲ. ಆರೋಪಿಯು ನಿರಪರಾಧಿಯೆಂದು ಭಾವಿಸಿ ವಿಚಾರಣೆಯನ್ನು ಆರಂಭಿಸುವುದು ನ್ಯಾಯ. ದೂರುಕೊಟ್ಟವಳು ಅಸತ್ಯವಾದಿನಿಯೆಂದು ಭಾವಿಸಿ ಆರಂಭಿಸುವುದು ಅದರ ಪರ್ಯಾಯವಲ್ಲ.