ಉಬ್ಬಸದ ಸೆನೆಕ

ನನಗೂ ಉಬ್ಬಸ ಇರುವುದರಿಂದಲೋ ಏನೋ, ರೋಮಿನ ಸ್ಟೋಯಿಕ್ ಚಿಂತಕರಲ್ಲಿ ಸೆನೆಕನೇ ನನಗೆ ಹತ್ತಿರದವನು. ಗೆಳೆಯ ಲೂಸಿಲಿಯಸ್‌ಗೆ ಬರೆದ 54ನೇ ಪತ್ರದಲ್ಲಿ ಅವನು ತನ್ನ ಉಸಿರುಗಟ್ಟುವ ಕಾಯಿಲೆಯನ್ನು ವಿವರಿಸುತ್ತಾನೆ. ವೈದ್ಯರು ಅದನ್ನು ಸಾವಿನ ತಾಲೀಮು ಎನ್ನುತ್ತಿದ್ದರಂತೆ. ಹುಟ್ಟುವ ಮೊದಲು ಇಲ್ಲದ ನೋವು ಸತ್ತ ಮೇಲೆ ಎಲ್ಲಿಂದ ಬಂದೀತು ಎಂಬುದು ಅವನ ವಾದ. ಉಸಿರು ಸಿಕ್ಕಿಕೊಂಡ ರಾತ್ರಿಗಳಲ್ಲಿ ಈ ತರ್ಕ ನನಗೆ ಅರ್ಧಕ್ಕರ್ಧ ಕೆಲಸ ಮಾಡಿದೆ, ಅಷ್ಟೇ.

ಕ್ರಿ.ಶ. 65ರಲ್ಲಿ, ಚಕ್ರವರ್ತಿಯನ್ನು ಕೊಲ್ಲಲು ಹೂಡಿದ ಪಿಸೊ ಸಂಚಿನಲ್ಲಿ ಅವನ ಹೆಸರೂ ಕೇಳಿಬಂತು. ಒಂದು ಕಾಲದಲ್ಲಿ ಅವನ ಶಿಷ್ಯನಾಗಿದ್ದ ನೀರೋ ಚಕ್ರವರ್ತಿಯೇ ಸಾಯುವಂತೆ ಆಜ್ಞೆ ಕಳಿಸಿದ. ಮುಂದಿನದನ್ನು ಇತಿಹಾಸಕಾರ ಟ್ಯಾಸಿಟಸ್ ಎಳೆಎಳೆಯಾಗಿ ಬರೆದಿಟ್ಟಿದ್ದಾನೆ. ಉಯಿಲು ಬರೆಯಲು ಹಲಗೆ ಕೇಳಿದರೆ ಆಜ್ಞೆ ತಂದ ಸೇನಾಧಿಕಾರಿ ಕೊಡಲಿಲ್ಲ. ಅಳುತ್ತಿದ್ದ ಗೆಳೆಯರನ್ನು, ಇಷ್ಟು ವರ್ಷ ಕಲಿತದ್ದೆಲ್ಲ ಎಲ್ಲಿ ಹೋಯಿತೆಂದು ಸೆನೆಕ ಗದರಿಸಿದ. ನರ ಕೊಯ್ದರೂ ಮುದಿ ಮೈಯಿಂದ ರಕ್ತ ಸರಿಯಾಗಿ ಹರಿಯಲಿಲ್ಲ. ಸಾಕ್ರೆಟಿಸನಂತೆ ವಿಷ ಕುಡಿದ, ಅದೂ ಏರಲಿಲ್ಲ. ಬಿಸಿನೀರಿನ ತೊಟ್ಟಿಗಿಳಿದ. ಕೊನೆಗೆ ಪ್ರಾಣ ಹೋದದ್ದು ಸ್ನಾನದ ಮನೆಯ ಹಬೆಯಲ್ಲಿ, ಉಸಿರುಗಟ್ಟಿ. ಉಬ್ಬಸದವನಿಗೆ ಇಂಥ ಸಾವು!

ಕೋಟ್ಯಧಿಪತಿ, ದೊರೆಯ ಆಸ್ಥಾನಿಕ, ಬಡತನವನ್ನು ಹೊಗಳಿದ ಆಷಾಢಭೂತಿ ಎಂದು ಅವನನ್ನು ಬೈಯುವವರಿದ್ದಾರೆ. ಬೈಗುಳದಲ್ಲಿ ಹುರುಳಿಲ್ಲದೇ ಇಲ್ಲ. ಆದರೆ ಸಾವಿನ ವಿಷಯದಲ್ಲಿ ಮಾತ್ರ ಆಸಾಮಿ ನುಡಿದಂತೆ ನಡೆದ.